ಒಪ್ಪಿಗೆ ಕೊಡುವವರು ಪಾಠ ಓದುವುದಿಲ್ಲ

ಆನ್‌ಲೈನ್ ತರಬೇತಿ ಕೋರ್ಸುಗಳ ಅಂದಚೆಂದದ ಬಗ್ಗೆ ನಾನು ಹಿಂದೆ ಬರೆದ ಲೇಖನ ಕೆಲವರಿಗೆ ಸಿಟ್ಟು ತರಿಸಿದೆ. ನಾನು ಹೇಳಿದ್ದು ಇಷ್ಟೇ: ಕೋರ್ಸಿನ ಬಣ್ಣ, ಅಕ್ಷರ, ಚಿತ್ರ, ಗುಂಡಿಗಳನ್ನು ಆರಿಸಬೇಕಾದದ್ದು ಪಾಠ ಓದುವವರ ಕಣ್ಣಿನಿಂದ, ಪ್ರೊಜೆಕ್ಟರ್ ಮುಂದೆ ಕೂತು ತಲೆಯಾಡಿಸುವವರ ಕಣ್ಣಿನಿಂದಲ್ಲ. ಇದರಲ್ಲಿ ಕೆರಳುವಂಥದ್ದು ಏನಿದೆಯೋ ನನಗೆ ಇನ್ನೂ ತಿಳಿದಿಲ್ಲ. ಆದರೂ ಎಂಟು ಆಕ್ಷೇಪಗಳು ಬಂದಿವೆ. ಒಂದೊಂದನ್ನೂ ಎತ್ತಿಕೊಳ್ಳುತ್ತೇನೆ. ಎದುರಾಳಿಗಳ ಮಾತನ್ನು ಅವರಿಗೆ ಅನ್ಯಾಯವಾಗದ ಹಾಗೆ ಮೊದಲು ಹೇಳಿ, ಆಮೇಲೆ ನನ್ನದನ್ನು ಹೇಳುತ್ತೇನೆ. ತೀರ್ಪು ಓದುಗರದು.

ಮೊದಲ ಆಕ್ಷೇಪ: ಅಂದ ಅವರವರ ಅಭಿರುಚಿಗೆ ಬಿಟ್ಟದ್ದು, ಅದಕ್ಕೆ ನಿಯಮ ಮಾಡಲು ನೀವು ಯಾರು? ಒಳ್ಳೆಯ ಪ್ರಶ್ನೆ. ಆದರೆ ಇದನ್ನು ಕೇಳಿದವರೇ ಮೂರು ಸಾಲು ದಾಟುವಷ್ಟರಲ್ಲಿ ನಾನು ತೋರಿಸಿದ ಮಾದರಿ ಪರದೆ 'ಹಳೇ ಕಾಲದ್ದು, ಸರ್ಕಾರಿ ಸುತ್ತೋಲೆಯ ಹಾಗಿದೆ' ಎಂದು ತೀರ್ಪು ಕೊಟ್ಟಿದ್ದಾರೆ. ಅಭಿರುಚಿಗೆ ಅಳತೆಯೇ ಇಲ್ಲವೆಂದಾದರೆ ನನ್ನ ಪರದೆಯನ್ನು ಅವರು ಯಾವ ಕೋಲಿನಿಂದ ಅಳೆದರು? ನನ್ನ ಹತ್ತಿರವಂತೂ ಕೋಲಿದೆ. ವೆಬ್ ಪುಟಗಳು ಎಲ್ಲರಿಗೂ ಎಟಕುವಂತಿರಬೇಕೆಂದು ರೂಪಿಸಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕಾದರೆ 3 ಸಾಕು. ಬಿಳಿಯ ಮೇಲೆ ಕಪ್ಪಿಗೆ ಈ ಅನುಪಾತ 21. ನಮ್ಮ ಎದುರಾಳಿಗಳು 'ಸೊಗಸಾಗಿದೆ, ಹಗುರವಾಗಿದೆ' ಎಂದು ಮೆಚ್ಚುವ ತೆಳು ಬೂದು ಅಕ್ಷರಗಳಿಗೆ, ಅಂದರೆ 999999 ಎಂಬ ಸಂಕೇತದ ಬಣ್ಣಕ್ಕೆ, ಬಿಳಿಯ ಮೇಲೆ ಸಿಗುವುದು 2.85. ನಾಡಿನ ಬಣ್ಣ ಎಂದು ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪಿನಲ್ಲಿ ಪಾಠ ಅಚ್ಚಿಸಿದರೆ ಸುಮಾರು 3.7. ಬಾವುಟಕ್ಕೆ ಅದು ಶೋಭೆ, ತಲೆಬರಹಕ್ಕೂ ನಡೆದೀತು, ಹತ್ತು ಸಾಲಿನ ಪ್ಯಾರಾಕ್ಕೆ ಮಾತ್ರ ಆಗದು. ಇದು ಅಭಿರುಚಿಯ ಮಾತಲ್ಲ ಸ್ವಾಮಿ, ಭಾಗಾಕಾರ.

ಎರಡನೆಯದು ಸ್ವಲ್ಪ ತೂಕದ್ದು. ಕಣ್ಸೆಳೆಯದ ಕೋರ್ಸನ್ನು ಯಾರೂ ಮುಗಿಸುವುದಿಲ್ಲ, ಚೆಂದ ಕಂಡದ್ದು ಬಳಸಲೂ ಸುಲಭ ಎಂದು ಸಂಶೋಧನೆಯೇ ಹೇಳಿದೆ ಎನ್ನುತ್ತಾರೆ. ಯಾವ ಸಂಶೋಧನೆ ಎಂದು ಅವರು ಹೇಳಿಲ್ಲ, ಅವರ ಪರವಾಗಿ ನಾನೇ ಹೇಳುತ್ತೇನೆ. 1995ರಲ್ಲಿ ಜಪಾನಿನ ಕುರೋಸು ಮತ್ತು ಕಾಶಿಮುರಾ ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನರ ಮುಂದಿಟ್ಟರು. ಚೆಂದ ಎನಿಸಿದ ಪರದೆಗಳೇ ಬಳಸಲು ಸುಲಭ ಎಂದೂ ಅವರಿಗೆ ಅನಿಸಿತು. ಎದುರಾಳಿಗಳು ಇಲ್ಲಿಗೆ ಓದು ನಿಲ್ಲಿಸಿದ್ದಾರೆ. ನಿಲ್ಲಿಸಬಾರದಿತ್ತು. ಅಲ್ಲಿ ಅಳೆದದ್ದು ಸುಲಭವೆಂಬ ಅನಿಸಿಕೆಯನ್ನು. ಆ ಅನಿಸಿಕೆಗೆ ಚೆಂದದ ಜೊತೆಗಿದ್ದ ನಂಟು, ಪರದೆ ನಿಜಕ್ಕೂ ಎಷ್ಟು ಸುಲಭ ಎಂಬುದರ ಜೊತೆಗೆ ಅಷ್ಟು ಇರಲಿಲ್ಲ. ಪಾಠ ತಲೆಗೆ ಹತ್ತಿತೇ ಎಂಬ ಪ್ರಶ್ನೆಯಂತೂ ಅಲ್ಲಿ ಏಳಲೇ ಇಲ್ಲ, ಎಟಿಎಂನಿಂದ ಯಾರೂ ಏನನ್ನೂ ಕಲಿಯುವುದಿಲ್ಲವಲ್ಲ. ಇನ್ನು ಕಣ್ಸೆಳೆಯುವ ವಾದ. ಅದನ್ನು ಹೂಡಿದವರ ಕೋರ್ಸನ್ನೇ ತೆರೆದು ನೋಡಿದೆ. ಅದು ಕಡ್ಡಾಯ ತರಬೇತಿ. ಪ್ರತಿ ಪರದೆಯಲ್ಲೂ 'ಮುಂದೆ' ಗುಂಡಿಗೆ ಗಡಿಯಾರ ಕಟ್ಟಿದ್ದಾರೆ, ಇಷ್ಟು ಸೆಕೆಂಡು ಕಳೆಯದೆ ಅದು ಒತ್ತಿಸಿಕೊಳ್ಳುವುದಿಲ್ಲ. ಜನ ಅಂದಕ್ಕೆ ಮರುಳಾಗಿ ಕೂರುತ್ತಾರೆ ಎಂಬ ನಂಬಿಕೆ ಇದ್ದಿದ್ದರೆ ಬೀಗ ಯಾಕೆ? ಹಬ್ಬದೂಟಕ್ಕೆ ಕರೆದು, ಎದ್ದು ಹೋಗದಂತೆ ಬಾಗಿಲಿಗೆ ಚಿಲಕ ಹಾಕುವವರಿಗೆ ತಮ್ಮ ಅಡುಗೆಯ ರುಚಿ ಚೆನ್ನಾಗಿ ಗೊತ್ತಿರುತ್ತದೆ.

ಬರೀ ಅಕ್ಷರ ಒಣಒಣ, ಅಲ್ಲಲ್ಲಿ ಸ್ವಾರಸ್ಯದ ಚಿತ್ರ, ಹಾರಿ ಬರುವ ಸಾಲು, ಹಿನ್ನೆಲೆ ಸಂಗೀತ ಇದ್ದರೆ ಕಲಿಕೆ ಹಗುರಾಗುತ್ತದೆ ಎಂಬುದು ಮೂರನೆಯ ವಾದ. ಹಗುರಾಗುವುದು ಕಲಿಕೆಯೋ, ಕಲಿತದ್ದರ ತೂಕವೋ? 1998ರಲ್ಲಿ ಹಾರ್ಪ್ ಮತ್ತು ರಿಚರ್ಡ್ ಮೇಯರ್ ಇದನ್ನೇ ಪರೀಕ್ಷಿಸಿದರು. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಪಾಠವನ್ನು ಕೆಲವರಿಗೆ ಹಾಗೇ ಕೊಟ್ಟರು, ಕೆಲವರಿಗೆ ಸಿಡಿಲು ಬಡಿದವರ ರೋಚಕ ಸಂಗತಿ, ಚಿತ್ರಗಳನ್ನು ಸೇರಿಸಿ ಕೊಟ್ಟರು. ರೋಚಕ ಪಾಠ ಓದಿದವರಿಗೆ ಮುಖ್ಯ ಅಂಶಗಳು ಕಡಿಮೆ ನೆನಪಿದ್ದವು. ಕಲಿತದ್ದನ್ನು ಹೊಸ ಪ್ರಶ್ನೆಗೆ ಅನ್ವಯಿಸುವುದರಲ್ಲೂ ಅವರೇ ಹಿಂದೆ ಬಿದ್ದರು. ಒಗ್ಗರಣೆಯ ಘಮ ನೆನಪಿನಲ್ಲಿ ಉಳಿಯಿತು, ಸಾರು ಚೆಲ್ಲಿತು. ನಮ್ಮಲ್ಲಿ ಆ ಒಗ್ಗರಣೆಯಾದರೂ ಪರವೂರಿನದು: ಹಳ್ಳಿಯ ಕಾರ್ಯಕರ್ತೆಯರ ತರಬೇತಿಯಲ್ಲಿ ಗಾಜಿನ ಕಟ್ಟಡದೊಳಗೆ ಕೋಟು ತೊಟ್ಟು ಕೈ ಕುಲುಕುವ ಬೆಳ್ಳನೆಯ ಜನ! ಆ ಕೈಕುಲುಕಿನಿಂದ ಅವರು ಕಲಿಯಬೇಕಾದದ್ದೇನು? ಅದೇ ಜಾಗದಲ್ಲಿ ಅವರು ನಾಳೆ ತುಂಬಬೇಕಾದ ರಿಜಿಸ್ಟರಿನ ಪುಟದ ಫೋಟೊ ಇದ್ದಿದ್ದರೆ ಅದೂ ಚಿತ್ರವೇ, ಅದೂ ಅಲಂಕಾರವೇ, ಮೇಲಾಗಿ ಪಾಠ ಕೂಡ. ಇಲ್ಲೊಬ್ಬರು ಓದಿಕೊಂಡವರು ನನ್ನನ್ನು ಹಿಡಿಯಲು ನೋಡಿದ್ದಾರೆ: ಬೆಚ್ಚನೆಯ ಬಣ್ಣ, ದುಂಡು ಆಕಾರಗಳಿಂದ ಕಲಿಕೆ ಸುಧಾರಿಸಿತೆಂದು ಉಮ್, ಪ್ಲಾಸ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿಲ್ಲವೇ? ತೋರಿಸಿದ್ದಾರೆ. ಆದರೆ ಅವರು ಬಣ್ಣ ಹಚ್ಚಿದ್ದು, ದುಂಡಗೆ ಮಾಡಿದ್ದು ರೋಗನಿರೋಧಕ ಶಕ್ತಿಯ ಪಾಠದೊಳಗಿನ ಚಿತ್ರಗಳನ್ನೇ. ಪಕ್ಕದಲ್ಲಿ ಚಿಟ್ಟೆ ಹಾರಿಸಲಿಲ್ಲ. ಅಂದ ಪಾಠದ ಮೈಯಲ್ಲಿರಬೇಕು ಎಂಬುದೇ ನನ್ನ ವಾದ. ಸಾಕ್ಷಿಯನ್ನು ಕರೆದವರು ಅವರು, ಹೇಳಿಕೆ ಬಿದ್ದದ್ದು ನನ್ನ ಪರವಾಗಿ.

ನಾಲ್ಕನೆಯದು ಹಿಂದಿನ ಮೂರಕ್ಕೂ ತಿರುಗಿಬಿದ್ದ ವಾದ: ಓದಲು ಕೊಂಚ ಕಷ್ಟವಾದರೇ ಒಳ್ಳೆಯದು, ತಿಣುಕಿ ಓದಿದ್ದು ಮರೆಯುವುದಿಲ್ಲ. ಅಂದರೆ ಇಷ್ಟು ಹೊತ್ತು ಚೆಂದದಿಂದ ಸುಲಭವಾಗುತ್ತದೆ ಎಂದವರು, ಸುಲಭವಾಗಿಲ್ಲ ಎಂದು ತೋರಿಸಿದ ಕೂಡಲೇ ಕಷ್ಟವೇ ಗುರು ಎನ್ನುತ್ತಾರೆ. ಜಾರಿ ಬಿದ್ದವನು ಸಾಷ್ಟಾಂಗ ನಮಸ್ಕಾರ ಮಾಡಿದೆ ಎಂದ ಹಾಗೆ. ಇರಲಿ. 2018ರಲ್ಲಿ ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯ 'ಸಾನ್ಸ್ ಫರ್ಗೆಟಿಕಾ' ಎಂಬ ಫಾಂಟನ್ನು ಇದೇ ನಂಬಿಕೆಯ ಮೇಲೆ ಹೊರತಂದಿತು. ಅಕ್ಷರಗಳ ನಡುನಡುವೆ ಬೇಕೆಂದೇ ತೂತು ಬಿಟ್ಟು, ಓರೆ ಮಾಡಿ ಕೊರೆದಿದ್ದರು. ಬೇರೆ ಸಂಶೋಧಕರು ಮತ್ತೆ ಮತ್ತೆ ಪರೀಕ್ಷಿಸಿದಾಗ ನೆನಪಿನಲ್ಲಿ ಲಾಭ ಕಾಣಲಿಲ್ಲ. ಉಳಿದದ್ದು ಕಷ್ಟ ಮಾತ್ರ.

ಐದನೆಯವರು ಕಂಪನಿಯ ಪರ ವಕೀಲರು. ಸಂಸ್ಥೆಗೆ ಬ್ರ್ಯಾಂಡ್ ಕೈಪಿಡಿ ಇದೆ, ಅದರ ಬಣ್ಣ ಮೀರುವಂತಿಲ್ಲ, ಪ್ರತಿ ಪರದೆಯಲ್ಲೂ ಲೋಗೋ ಇರಲೇಬೇಕು ಎನ್ನುತ್ತಾರೆ. ಆ ಕೈಪಿಡಿ ಯಾವುದಕ್ಕೆಂದು ಬರೆದದ್ದು? ಅಂಗಡಿಯ ಬೋರ್ಡು, ಕಾಗದದ ತಲೆಬರಹ, ರಸ್ತೆ ಬದಿಯ ಫಲಕ ಇಂಥವಕ್ಕೆ. ಅಲ್ಲೆಲ್ಲ ಓದುವುದು ಎರಡೇ ಪದ, ಅದೂ ಗೇಣುದ್ದದ ಅಕ್ಷರದಲ್ಲಿ. ಬ್ರ್ಯಾಂಡಿನ ಬಣ್ಣ ಕಿತ್ತಳೆ ಎನ್ನೋಣ, ಅದನ್ನೇ ಫೋನಿನ ಗುಂಡಿಗೆ ಬಳಿದು ಮೇಲೆ ಸಣ್ಣ ಬಿಳಿ ಅಕ್ಷರ ಕೂರಿಸಿದರೆ ಅನುಪಾತ 2ರ ಆಸುಪಾಸಿಗೆ ಇಳಿಯುತ್ತದೆ. ಪರೀಕ್ಷೆಯ ಉತ್ತರವನ್ನು ಸಲ್ಲಿಸುವ ಗುಂಡಿ ಅದೇ. ಬ್ರ್ಯಾಂಡಿನ ಬಣ್ಣ ಮೇಲಂಚಿನ ಪಟ್ಟಿಗೆ, ಅಧ್ಯಾಯದ ಮುಖಪುಟಕ್ಕೆ ಇರಲಿ, ಓದುವ ಅಕ್ಷರ ಕಡುಕಪ್ಪೇ ಆಗಿರಲಿ. ಇದರಿಂದ ಯಾವ ಕೈಪಿಡಿಯ ಮಾನವೂ ಹೋಗುವುದಿಲ್ಲ. ಇನ್ನು ಪ್ರತಿ ಪರದೆಯಲ್ಲೂ ಲೋಗೋ ಯಾಕೆ ಬೇಕು? ಗ್ರಾಹಕನಿಗಾದರೆ ನೆನಪಿಸಬೇಕು, ಸರಿ. ತನಗೆ ಸಂಬಳ ಕೊಡುವವರ ಹೆಸರು ಮರೆಯುವ ನೌಕರ ಇನ್ನೂ ಹುಟ್ಟಿಲ್ಲ.

ಆರನೆಯ ಆಕ್ಷೇಪವೇ ಈ ಜಗಳದ ಬೇರು. ವಿನ್ಯಾಸ ವಿನ್ಯಾಸವೇ, ಇಂಗ್ಲಿಷಿನಲ್ಲಿ ಚೆಂದ ಕಂಡ ಪರದೆಗೆ ಕನ್ನಡ ಸುರಿದರೆ ಅಷ್ಟೇ ಚೆಂದ ಕಾಣುತ್ತದೆ, ಕಾಣದಿದ್ದರೆ ಕನ್ನಡದಲ್ಲಿ ಒಳ್ಳೆಯ ಫಾಂಟುಗಳಿಲ್ಲದ್ದೇ ಕಾರಣ ಎನ್ನುತ್ತಾರೆ. ಮೊದಲು ಸುರಿಯುವ ಮಾತು. ಇಂಗ್ಲಿಷ್ ವಿನ್ಯಾಸಕನಿಗೆ ಒತ್ತಿ ಹೇಳಲು ನಾಲ್ಕು ಉಪಾಯ: ದೊಡ್ಡಕ್ಷರ, ಓರೆ ಅಕ್ಷರ, ಅಕ್ಷರಗಳ ನಡುವೆ ಜಾಗ ಹಿಗ್ಗಿಸುವುದು, ದಪ್ಪ ಅಕ್ಷರ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಓರೆ ಅಕ್ಷರ ನಮ್ಮ ಲಿಪಿಯ ಸಂಪ್ರದಾಯವಲ್ಲ, ತಂತ್ರಾಂಶ ದುಂಡಗಿನ ಅಕ್ಷರವನ್ನೇ ಬಲಕ್ಕೆ ತಳ್ಳಿ ಬೀಳುವ ಹಾಗೆ ನಿಲ್ಲಿಸುತ್ತದೆ ಅಷ್ಟೆ. ಜಾಗ ಹಿಗ್ಗಿಸಿದರೆ ಪದ ಬಿಡಿಬಿಡಿಯಾಗಿ ಚೆದುರುತ್ತದೆ. ಉಳಿದದ್ದು ದಪ್ಪ ಅಕ್ಷರ. ಅದೂ ಫಾಂಟಿನೊಳಗೆ ಕೊರೆದ ದಪ್ಪವಾಗದೆ ತಂತ್ರಾಂಶ ಮಸಿ ಹಚ್ಚಿ ಮಾಡಿದ ದಪ್ಪವಾದರೆ ಮಹಾಪ್ರಾಣದ ಸೀಳು ಸಣ್ಣ ಗಾತ್ರದಲ್ಲಿ ಮುಚ್ಚಿಹೋಗುತ್ತದೆ. ಹಣಕಾಸಿನ ತರಬೇತಿಯಲ್ಲಿ 'ಧನಸಹಾಯ'ವು 'ದನಸಹಾಯ'ವಾದರೆ ಪಶುಸಂಗೋಪನೆಯವರಿಗೆ ಖುಷಿಯಾದೀತು, ಕಲಿಯುವವರಿಗಲ್ಲ. 'ನೆಕ್ಸ್ಟ್' ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದಕ್ಕೆ ಅಳೆದು ಹೊಲಿದ ಗುಂಡಿಯೊಳಗೆ 'ಮುಂದುವರಿಯಿರಿ' ತೂರಿಸುವ ಸರ್ಕಸ್ಸನ್ನು ಹೇಳಲೇಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪರಾಧ ಸಾಲುಗಳ ನಡುವಿನ ಅಂತರದ್ದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಲ್ಲೂಕು ಕೇಂದ್ರವೊಂದರ ಕಚೇರಿಯ ಜಗಲಿಯಲ್ಲಿ ಕೂತು ಕಾರ್ಯಕರ್ತೆಯೊಬ್ಬರು ಫೋನಿನಲ್ಲಿ ಕೋರ್ಸ್ ಮಾಡುತ್ತಿದ್ದರು. ಮಧ್ಯಾಹ್ನದ ಬೆಳಕು, ಗಾಜಿಗೆ ಅಡ್ಡಡ್ಡ ಒಂದು ಬಿರುಕು. ಪರದೆಯ ಮೇಲಿನ ಸಾಲಿನಲ್ಲಿ 'ರಕ್ತಸ್ರಾವ', ಅದರ ಕೆಳಗೇ 'ಮೇಲ್ವಿಚಾರಕಿ'. ಸಾಲಿನ ಅಂತರವನ್ನು ಇಂಗ್ಲಿಷಿನ ಅಳತೆಗೆ, ಅಂದರೆ ಅಕ್ಷರದ ಗಾತ್ರದ 1.2 ಪಟ್ಟಿಗೆ ಇಟ್ಟಿದ್ದರು. ಇಂಗ್ಲಿಷಿಗೆ ಒತ್ತಕ್ಷರದ ಹಂಗಿಲ್ಲ, ಸಾಕಾಗುತ್ತದೆ. ಇಲ್ಲಿ 'ಸ್ರಾ'ದ ಒತ್ತು ಕೆಳಗಿಳಿದು 'ಲ್ವಿ'ಯ ಗುಡಿಸಿನೊಳಗೆ ಸಿಕ್ಕಿಕೊಂಡಿತ್ತು. ಅವರು ಎರಡು ಬೆರಳಿನಿಂದ ಪರದೆ ಹಿಗ್ಗಿಸಲು ನೋಡಿದರು. ಕೋರ್ಸು ಹಿಗ್ಗಲಿಲ್ಲ, ವಿನ್ಯಾಸ ಕೆಡಬಾರದೆಂದು ಅದನ್ನೂ ಬಂದ್ ಮಾಡಿದ್ದರು. ಓದಲು ಆಯಿತೇ ಎಂದು ಕೇಳಿದೆ. 'ಅಂದಾಜಿನಲ್ಲಿ ಓದಿದೆ ಸಾರ್' ಎಂದರು. ಆ ಪರದೆಗಳು ಪ್ರೊಜೆಕ್ಟರಿನಲ್ಲಿ ಆರಡಿ ಅಗಲಕ್ಕೆ ಹರಡಿಕೊಂಡಾಗ 'ಬಹಳ ಚೆನ್ನಾಗಿದೆ' ಎಂದವರಲ್ಲಿ ನಾನೂ ಒಬ್ಬ. ಆದ್ದರಿಂದ ಎದುರಾಳಿಗಳು ತಪ್ಪು ಮಾಡುವ ಬಗೆ ನನಗೆ ಚೆನ್ನಾಗಿ ಗೊತ್ತು.

ಇನ್ನು ಫಾಂಟುಗಳಿಲ್ಲ ಎಂಬ ಅಳಲು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ, ಗುಬ್ಬಿ, ನವಿಲು ಎಲ್ಲವೂ ಉಚಿತ, ಎಲ್ಲವೂ ಯೂನಿಕೋಡ್. ನಿಜವಾದ ತೊಂದರೆ ಬೇರೆಯೇ. ಪಾಠವನ್ನು ಯಾರೋ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸುತ್ತಾರೆ, ಕೋರ್ಸಿಗೆ ಅಂಟಿಸಿದ ಕೂಡಲೇ ಅದು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗುತ್ತದೆ, ಆಗ ಇಡೀ ಪುಟದ ಫೋಟೊ ತೆಗೆದು ಚಿತ್ರವಾಗಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ಹುಡುಕಲಾಗದು, ಹಿಗ್ಗಿಸಿದರೆ ಮಸುಕಾಗುತ್ತದೆ, ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಮೌನ. ಕೀಲಿಮಣೆಯ ಚಟಕ್ಕೆ ಲಿಪಿಯನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು.

ಏಳನೆಯದನ್ನು ಹೇಳಿದವರು ದನಿ ತಗ್ಗಿಸಿ ಹೇಳಿದ್ದಾರೆ: ಕಣ್ಣಿನ ತೊಂದರೆ ಇರುವವರು ನೂರಕ್ಕೆ ನಾಲ್ಕು ಜನ ಇದ್ದಾರು, ಅವರಿಗೋಸ್ಕರ ಎಲ್ಲರ ಕೋರ್ಸನ್ನೂ ಸಪ್ಪೆ ಮಾಡಬೇಕೇ? ಆ ನಾಲ್ಕು ಎಲ್ಲಿಂದ ಬಂತೆಂದು ಅವರೇ ಹೇಳಬೇಕು. ನಾನು ಬೇರೆ ಲೆಕ್ಕ ಕೊಡುತ್ತೇನೆ. ಹತ್ತಿರದ್ದನ್ನು ಓದುವ ಕನ್ನಡಕಕ್ಕೆ ನಾವು ಚಾಳೀಸು ಎನ್ನುತ್ತೇವೆ, ಹಿಂದಿಯ ನಲವತ್ತು ಆ ಹೆಸರಿನಲ್ಲೇ ಕೂತಿದೆ. ಅಂದರೆ ನಲವತ್ತು ದಾಟಿದವರೆಲ್ಲ ಆ 'ನಾಲ್ಕು ಜನ', ಒಪ್ಪಿಗೆ ಸಮಿತಿಯ ಬಹುಪಾಲು ಸದಸ್ಯರೂ ಸೇರಿದಂತೆ. ಕೆಂಪು ಹಸಿರು ಬೇರ್ಪಡಿಸಲಾಗದ ಗಂಡಸರೂ ಇದ್ದಾರೆ. ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು ಎಂದು ಬರೀ ಬಣ್ಣದಲ್ಲಿ ಹೇಳಿದರೆ ಅವರಿಗೆ ತಾವು ಪಾಸೋ ಫೇಲೋ ತಿಳಿಯದು. 'ಸರಿ', 'ತಪ್ಪು' ಎಂಬ ಎರಡು ಪದ ಸೇರಿಸಿದರೆ ಕೋರ್ಸು ಸಪ್ಪೆಯಾಗುತ್ತದೆಯೇ? ಕಾನೂನಿನ ಮಾತಿಗೆ ಬರೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಡಿಜಿಟಲ್ ಸಾಮಗ್ರಿ ಹೇಗಿರಬೇಕೆಂದು ಹೇಳುವ ಐಎಸ್ 17802 ಎಂಬ ಭಾರತೀಯ ಮಾನದಂಡವಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇ-ಕೆವೈಸಿ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಕಣ್ಣು ಮಿಟುಕಿಸಿ ಗುರುತು ತೋರಿಸಿ ಎನ್ನುವ ಪರದೆಯ ಮುಂದೆ, ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಏನು ಮಾಡಬೇಕೆಂಬ ಪ್ರಶ್ನೆಯಿಂದ ಎದ್ದ ಪ್ರಕರಣ ಅದು. ಆ ಪರದೆಯನ್ನು ರೂಪಿಸಿದವರೂ 'ಅಂಥವರು ಎಷ್ಟು ಜನ ಇದ್ದಾರು' ಎಂದುಕೊಂಡಿದ್ದಿರಬೇಕು.

ಎಂಟನೆಯದು ದುಡ್ಡು, ಸಮಯ. ಎರಡು ವಾರದಲ್ಲಿ ಕೋರ್ಸು ಬೇಕು ಎನ್ನುತ್ತಾರೆ, ಸಿದ್ಧ ಟೆಂಪ್ಲೇಟು ಕೈಯಲ್ಲಿದೆ, ಇಷ್ಟೆಲ್ಲ ಯೋಚಿಸಲು ಪುರುಸೊತ್ತೆಲ್ಲಿ? ಟೆಂಪ್ಲೇಟು ಬೇಡವೆಂದು ನಾನು ಎಲ್ಲೂ ಹೇಳಿಲ್ಲ. ಸಾಲಿನ ಅಂತರ 1.5ಕ್ಕೆ ಏರಿಸುವುದು ಒಂದು ಅಂಕಿ ಬದಲಿಸುವ ಕೆಲಸ. ಬೂದು ಅಕ್ಷರ ಕಪ್ಪಾಗಿಸುವುದು ಇನ್ನೊಂದು. ಹಾರಿ ಬರುವ ಸಾಲು, ಮುನ್ನುಡಿ ಸಂಗೀತ, ಕೈಕುಲುಕುವ ಜನ ಇವನ್ನು ಕೈಬಿಟ್ಟರೆ ಸಮಯ ಉಳಿಯುತ್ತದೆ. ಸಮಯವಿಲ್ಲ ಎಂದು ಅಳುವವರು ಸಮಯ ತಿನ್ನುವುದನ್ನು ಮಾತ್ರ ಬಿಡಲೊಲ್ಲರು. ಪುರುಸೊತ್ತಿಲ್ಲದ್ದು ಓದುವವರ ಬಗ್ಗೆ ಯೋಚಿಸಲು ಮಾತ್ರ.

ಎಂಟೂ ಮುಗಿದವು. ಎಂಟರಲ್ಲೂ ಒಂದು ಪ್ರಶ್ನೆಯನ್ನು ಎಲ್ಲರೂ ಜಾಣತನದಿಂದ ದಾಟಿಹೋಗಿದ್ದಾರೆ. ಅದನ್ನು ನಾನು ಮೊದಲ ಲೇಖನದಲ್ಲೇ ಕೇಳಿದ್ದೆ: ನೀವು ಒಪ್ಪಿಗೆ ಕೊಟ್ಟ ಕೋರ್ಸನ್ನು ನಿಮ್ಮ ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಮಾಡಿದ್ದೀರಾ? ಅಭಿರುಚಿಯ ಬಗ್ಗೆ ಉತ್ತರ ಬಂತು, ಬ್ರ್ಯಾಂಡಿನ ಬಗ್ಗೆ ಬಂತು, ಹೆಸರಿಲ್ಲದ ಸಂಶೋಧನೆಯ ಬಗ್ಗೆಯೂ ಬಂತು. ಇದಕ್ಕೆ ಮಾತ್ರ ಹೌದು ಎಂದು ಒಬ್ಬರೂ ಬರೆಯಲಿಲ್ಲ.

ಆದ್ದರಿಂದ ಒಂದು ಪಂಥ. ಮುಂದಿನ ಒಪ್ಪಿಗೆ ಸಭೆಯಲ್ಲಿ ಪ್ರೊಜೆಕ್ಟರ್ ಆರಿಸಿಬಿಡಿ. ಎಲ್ಲರೂ ತಂತಮ್ಮ ಫೋನ್ ಹಿಡಿದು, ಬೆಳಕನ್ನು ಅರ್ಧಕ್ಕಿಳಿಸಿ, ಹೊರಗಿನ ಜಗಲಿಗೆ ಬನ್ನಿ. ಮಧ್ಯಾಹ್ನದ ಹೊತ್ತಾಗಿರಲಿ. ಒಂದು ಅಧ್ಯಾಯ ಪೂರ್ತಿ ಓದಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಕೊಡಿ. ಆಮೇಲೂ ನಿಮ್ಮಲ್ಲಿ ಒಬ್ಬರೂ 'ಅಂದಾಜಿನಲ್ಲಿ ಓದಿದೆ' ಎನ್ನದಿದ್ದರೆ, ಮೇಲೆ ಬರೆದ ಎಂಟು ಉತ್ತರಗಳನ್ನೂ ಹಿಂದಕ್ಕೆ ಪಡೆಯುತ್ತೇನೆ. ಕೋಟು ತೊಟ್ಟವರು ಆಗ ನಿಶ್ಚಿಂತೆಯಿಂದ ಕೈ ಕುಲುಕಲಿ.